ಹೈಡ್ರಿಲ್ಲಾ ಎಲೆಯೊಳಗಿನ ಓಟವನ್ನು ನೋಡುವ ಬಗೆ

ನಾನು ಪಾಠ ಹೇಳಿದವನಲ್ಲ. ಅರಸೀಕೆರೆ ಕಡೆಯ ಒಂದು ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಅಟೆಂಡರ್ ಆಗಿದ್ದೆ. ಸ್ಲೈಡ್ ತೊಳೆಯುವುದು, ಜಿರಲೆ ಹಿಡಿದು ತರುವುದು, ಸೂಕ್ಷ್ಮದರ್ಶಕದ ಕನ್ನಡಿ ಒರೆಸುವುದು ನನ್ನ ಕೆಲಸ. ಸಿಂಕಿನ ಬಳಿ ನಿಂತು ಒಂದೇ ಪಾಠವನ್ನು ನಾಲ್ವರು ಉಪನ್ಯಾಸಕರ ಬಾಯಲ್ಲಿ ಕೇಳಿದ್ದೇನೆ. ಕೇಳಿ ಕೇಳಿ ಪಾಠ ನನಗೂ ಬಂದುಬಿಟ್ಟಿತು. ಆದರೆ ಮಕ್ಕಳ ರೆಕಾರ್ಡ್ ಪುಸ್ತಕ ನೋಡಿದಾಗಲೆಲ್ಲ ಬೇಸರವಾಗುತ್ತಿತ್ತು. ಜೀವಕೋಶ ಎಂದರೆ ಒಂದು ಚೌಕ, ನಡುವೆ ಕೋಶಕೇಂದ್ರ, ಉಳಿದದ್ದೆಲ್ಲ ಉಪ್ಪಿಟ್ಟಿಗೆ ಬಿದ್ದ ಸಾಸಿವೆಯಂತೆ ಅಲ್ಲಲ್ಲಿ. ಸೈಟೋಸ್ಕೆಲಿಟನ್ (ಕೋಶದೊಳಗಿನ ಸಣ್ಣ ಎಳೆಗಳ ಪಂಜರ) ಎಂಬ ಪದವನ್ನು ಬಾಯಿಪಾಠ ಮಾಡಿ ಎರಡು ಅಂಕ ಪಡೆದವರೇ ಹೆಚ್ಚು. ಅದರ ಕೆಲಸವನ್ನು ಕಣ್ಣಾರೆ ಕಂಡವರು ಕಡಿಮೆ. ಕಾಣಲು ಬೇಕಾಗಿರುವುದು ಒಂದು ಎಲೆ, ಹತ್ತು ನಿಮಿಷದ ತಾಳ್ಮೆ, ಅಷ್ಟೇ.

ಮೊದಲೇ ಒಂದು ಮಾತು. ಆ ಎಳೆಗಳು ನಿಮಗೆ ಕಾಣುವುದಿಲ್ಲ. ಆಕ್ಟಿನ್ ಎಳೆಯ ದಪ್ಪ ಸುಮಾರು 7 ನ್ಯಾನೋಮೀಟರ್, ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಯದು 25. ಕಾಲೇಜಿನಲ್ಲಿರುವಂಥ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಚೆನ್ನಾಗಿದ್ದರೂ 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ಆದರೆ ನಮ್ಮೂರಿನ ಹೊಲದ ಬದುವಿನಲ್ಲಿ ರಾತ್ರಿ ನಿಂತರೆ, ದೂರದಲ್ಲಿ ರೈಲಿನ ಕಿಟಕಿ ದೀಪಗಳು ಸಾಲಾಗಿ ಹೋಗುವುದು ಕಾಣುತ್ತದೆ. ಹಳಿ ಎಲ್ಲಿ ಹಾಸಿದೆ, ಎಲ್ಲಿ ತಿರುಗಿದೆ ಎಂಬುದನ್ನು ಆ ದೀಪಗಳೇ ಹೇಳುತ್ತವೆ. ಇಲ್ಲಿಯೂ ಹಾಗೆಯೇ. ದೀಪದ ಜಾಗದಲ್ಲಿ ಇರುವುದು ಕ್ಲೋರೋಪ್ಲಾಸ್ಟ್, ಅಂದರೆ ಸುಮಾರು 5 ಮೈಕ್ರೋಮೀಟರ್ ಅಗಲದ ಹಸಿರು ಕಾಳು.

ಗಿಡ ಹುಡುಕುವುದು ಕಷ್ಟವಲ್ಲ. ಕೆರೆಯ ತೂಬಿನ ಹತ್ತಿರ ನಿಂತ ನೀರಿನಲ್ಲಿ ಜನ ಎಲ್ಲವನ್ನೂ ಪಾಚಿ ಎಂದೇ ಕರೆಯುತ್ತಾರೆ. ಅದರಲ್ಲಿ ಹೈಡ್ರಿಲ್ಲಾ ಬೇರೆ ಮಾಡಿಕೊಳ್ಳಬೇಕು. ಒಂದೊಂದು ಗಿಣ್ಣಿನಲ್ಲೂ ಮೂರರಿಂದ ಎಂಟು ಪುಟ್ಟ ಎಲೆಗಳು ಸುತ್ತುಗಟ್ಟಿರುತ್ತವೆ, ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಬೆರಳಿನಲ್ಲಿ ಎಳೆದರೆ ಒರಟಾಗಿ ತಾಗುತ್ತದೆ. ಎಲೆ ಕವಲೊಡೆದು ದಾರದಂತಿದ್ದರೆ ಅದು ಬೇರೆ ಗಿಡ, ಬಿಟ್ಟುಬಿಡಿ. ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲೂ ಸಿಗುತ್ತದೆ. ತರುವಾಗ ಕೆರೆಯ ನೀರನ್ನೂ ಒಂದು ಡಬ್ಬಿಯಲ್ಲಿ ತನ್ನಿ. ನಲ್ಲಿ ನೀರೇ ಗತಿ ಎಂದಾದರೆ ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಬಳಸಿ.

ನೋಡುವುದಕ್ಕೆ ಒಂದು ಗಂಟೆ ಮೊದಲು ಗಿಡದ ತುದಿಯನ್ನು ಗಾಜಿನ ಲೋಟದಲ್ಲಿ ಕಿಟಕಿಯ ಬಳಿ ಇಡಿ. ಮಧ್ಯಾಹ್ನದ ಉರಿಬಿಸಿಲು ಬೇಡ, ಒಳ್ಳೆಯ ಬೆಳಕು ಸಾಕು. ಚಳಿಗಾಲದ ಬೆಳಗ್ಗೆಯಾದರೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಿ. ತುದಿಯಿಂದ ಮೂರನೆಯ ಅಥವಾ ನಾಲ್ಕನೆಯ ಸುತ್ತಿನ ಎಲೆ ಒಳ್ಳೆಯದು. ಅದಕ್ಕೂ ಮೇಲಿನದು ತೀರ ಎಳಸು. ಕೆಳಗಿನದರ ಮೇಲೆ ಕಂದು ಕೊಳೆ ಕೂತಿರುತ್ತದೆ. ಬುಡದಲ್ಲಿ ಚಿಮಟದಿಂದ ಹಿಡಿದು ಕಿತ್ತು, ಅದೇ ನೀರಿನ ಒಂದು ಹನಿಯ ಮೇಲೆ ಎಲೆಯನ್ನು ಚಪ್ಪಟೆಯಾಗಿ ಮಲಗಿಸಿ. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿದರೆ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಹೆಬ್ಬೆರಳಿನಿಂದ ಒತ್ತಬೇಡಿ. ಬಣ್ಣ ಹಾಕಬೇಡಿ. ಅಯೋಡಿನ್, ಸಫ್ರನಿನ್ ಯಾವುದೂ ಬೇಡ. ಕೈ ಸುಮ್ಮನಿರದೆ ಬಣ್ಣ ಹಾಕಿ ಎಲೆಯನ್ನು ಕೊಂದು, ಆಮೇಲೆ 'ಏನೂ ಅಲುಗುತ್ತಿಲ್ಲ' ಎಂದು ನನ್ನನ್ನು ಕರೆದವರು ಲೆಕ್ಕವಿಲ್ಲ.

ಹತ್ತು ಪಟ್ಟಿನ ಮಸೂರದಲ್ಲಿ ಎಲೆಯ ನಡುನರ ಹುಡುಕಿ. ಬೆಳಕನ್ನು ತಗ್ಗಿಸುವ ಡಯಾಫ್ರಮ್ಮನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿ. ಬೆಳಕು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬುದು ಸುಳ್ಳು. ಜೀವಂತ ಕೋಶ ಬೆಳಕಿನಲ್ಲಿ ಕರಗಿಹೋದಂತಾಗುತ್ತದೆ. ಈಗ ನಲವತ್ತು ಪಟ್ಟಿನ ಮಸೂರಕ್ಕೆ ತಿರುಗಿಸಿ, ಸಣ್ಣ ತಿರುಪನ್ನು ಮಾತ್ರ ಬಳಸಿ. ಎಲೆ ಎರಡು ಅಂತಸ್ತಿನ ಮನೆ. ತಿರುಪು ತಿರುಗಿಸಿದಂತೆ ಒಂದು ಪದರ ಮಸುಕಾಗಿ ಇನ್ನೊಂದು ಸ್ಪಷ್ಟವಾಗುತ್ತದೆ. ಒಂದರಲ್ಲಿ ನಿಲ್ಲಿ, ನಡುನರದ ಉದ್ದನೆಯ ಕೋಶಗಳ ಮೇಲೆ ಕಣ್ಣಿಡಿ. ಆಗಷ್ಟೇ ಕಿತ್ತ ಎಲೆ ಮೊದಲು ಕಲ್ಲಿನಂತೆ ಸುಮ್ಮನಿರಬಹುದು. ಐದು ನಿಮಿಷ, ಹತ್ತು ನಿಮಿಷ ಬಿಡಿ. ದೀಪದ ಬೆಳಕು ತಾಗಿದಂತೆ ಒಂದು ಕಾಳು ಕದಲುತ್ತದೆ, ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಕೋಶಭಿತ್ತಿಯ ಒಳಮೈಗುಂಟ ಒಂದು ಪಕ್ಕದಲ್ಲಿ ಮೇಲಕ್ಕೆ, ಇನ್ನೊಂದು ಪಕ್ಕದಲ್ಲಿ ಕೆಳಕ್ಕೆ, ದೇವಸ್ಥಾನದ ಪ್ರದಕ್ಷಿಣೆಯಂತೆ ಸಾಲು ಹೊರಡುತ್ತದೆ. ನಡುವಿನ ಖಾಲಿ ಜಾಗ ಖಾಲಿಯಲ್ಲ, ಅದು ರಸದಾನಿ, ಅಂದರೆ ರಸ ತುಂಬಿದ ಚೀಲ. ಅದನ್ನು ಹಾಯ್ದು ಯಾವ ಕಾಳೂ ಹೋಗುವುದಿಲ್ಲ.

ಒಂದು ವರ್ಷ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಇದನ್ನು ನೋಡಿ, 'ಕವರ್ ಸ್ಲಿಪ್ ಕೆಳಗೆ ನೀರು ಹರಿಯುತ್ತಿದೆ, ಅಷ್ಟೇ' ಎಂದರು. ಹುಡುಗಿಯ ಮುಖ ಬಾಡಿತು. ನಾನು ಬಾಯಿ ಬಿಡುವಂತಿರಲಿಲ್ಲ. ಅವಳೇ ಹೇಳಿದಳು: 'ಸರ್, ಪಕ್ಕದ ಕೋಶದಲ್ಲಿ ಎದುರು ದಿಕ್ಕಿಗೆ ಹೋಗುತ್ತಿದೆ.' ನೀವೂ ಅದನ್ನೇ ನೋಡಬೇಕು. ನೀರು ಹರಿದಿದ್ದರೆ ಎಲ್ಲವೂ ಒಂದೇ ಕಡೆಗೆ, ಗೋಡೆಯ ಲೆಕ್ಕವಿಲ್ಲದೆ ಸರಿಯಬೇಕಿತ್ತು. ಇಲ್ಲಿ ಕಾಳು ಮೂಲೆಗೆ ಬಂದು ತಿರುಗುತ್ತದೆ, ಗೋಡೆ ದಾಟುವುದಿಲ್ಲ. ಇನ್ನು ಸಣ್ಣ ಧೂಳಿನ ಕಣಗಳು ನಿಂತಲ್ಲೇ ನಡುಗುತ್ತಿದ್ದರೆ ಅದು ಬ್ರೌನಿಯನ್ ಚಲನೆ, ಅಂದರೆ ನೀರಿನ ಅಣುಗಳು ಬಡಿಯುವುದರಿಂದ ಆಗುವ ನಡುಕ. ನಡುಗುವುದಕ್ಕೂ ನಡೆಯುವುದಕ್ಕೂ ಇರುವ ಅಂತರ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ತಪ್ಪುವುದಿಲ್ಲ. ಇಟಲಿಯ ಬೊನವೆಂಚುರಾ ಕೋರ್ತಿ ಈ ಹರಿವನ್ನು ಕಂಡದ್ದು 1774ರಲ್ಲಿ, ಕೋಶಕೇಂದ್ರಕ್ಕೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ.

ವೇಗ ಅಳೆಯಲು ಪ್ಲಾಸ್ಟಿಕ್ ಸ್ಕೇಲ್ ಸಾಕು. ಹತ್ತು ಪಟ್ಟಿನ ಮಸೂರದ ಕೆಳಗೆ ಸ್ಕೇಲ್ ಇಟ್ಟು ವೃತ್ತದ ಅಡ್ಡಳತೆ ನೋಡಿ. ನಮ್ಮ ಕಾಲೇಜಿನದರಲ್ಲಿ 1.8 ಮಿಲಿಮೀಟರ್ ಇತ್ತು. ನಲವತ್ತರಲ್ಲಿ ಅದರ ಕಾಲು ಭಾಗ, ಅಂದರೆ 450 ಮೈಕ್ರೋಮೀಟರ್. (ನಲವತ್ತರ ಕೆಳಗೆ ಸ್ಕೇಲ್ ತೂರಿಸಲು ಹೋಗಬೇಡಿ, ಮಸೂರ ಗೀಚಿಹೋಗುತ್ತದೆ. ಅದರ ಬೆಲೆ ನನಗೆ ಗೊತ್ತು.) ವೃತ್ತದ ಉದ್ದಕ್ಕೆ ಐದು ಕೋಶಗಳು ಕೂತಿದ್ದರೆ ಒಂದೊಂದು 90 ಮೈಕ್ರೋಮೀಟರ್. ಅಷ್ಟು ದೂರವನ್ನು ಒಂದು ಕಾಳು ಹತ್ತು ಸೆಕೆಂಡಿನಲ್ಲಿ ಮುಗಿಸಿದರೆ ಸೆಕೆಂಡಿಗೆ 9 ಮೈಕ್ರೋಮೀಟರ್. ಇದು ನಿಧಾನದವರ ಲೆಕ್ಕ. ಕೋರ್ತಿ ನೋಡಿದ ಕಾರಾ ಜಾತಿಯ ಪಾಚಿಯಲ್ಲಿ ಹರಿವು ಸೆಕೆಂಡಿಗೆ 100 ಮೈಕ್ರೋಮೀಟರ್ ಹತ್ತಿರ ಹೋಗುತ್ತದೆ. ಅದರ ಒಂದೊಂದು ಕೋಶ ಸೆಂಟಿಮೀಟರ್‌ಗಟ್ಟಲೆ ಉದ್ದ, ಓಡದೆ ವಿಧಿಯಿಲ್ಲ. ತಾನಾಗಿ ಹರಡಿಕೊಳ್ಳುವ ವಸ್ತುವಿಗೆ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು ಬೇಕು. ಸಣ್ಣ ಕೋಶಕ್ಕೆ ಆ ದಾರಿ ಸಾಕು. ದೊಡ್ಡದಕ್ಕೆ ಹೊತ್ತೊಯ್ಯುವವರು ಬೇಕು.

ಹೊರುವವನ ಹೆಸರು ಮಯೋಸಿನ್, ಅದೊಂದು ಪ್ರೋಟೀನ್. ಕೋಶಭಿತ್ತಿಯ ಒಳಗಡೆ, ಪೊರೆಗೆ ಅಂಟಿದಂತೆ ಆಕ್ಟಿನ್ ಎಳೆಗಳ ಕಟ್ಟುಗಳು ಹಾಸಿರುತ್ತವೆ. ಮಯೋಸಿನ್ ಒಂದು ತುದಿಯಿಂದ ಆ ಹಳಿ ಹಿಡಿದು ನಡೆಯುತ್ತ, ಇನ್ನೊಂದು ತುದಿಯಿಂದ ಕೋಶದೊಳಗಿನ ಪೊರೆಚೀಲಗಳನ್ನು ಎಳೆಯುತ್ತದೆ. ಎಳೆತಕ್ಕೆ ಸುತ್ತಲಿನ ದ್ರವವೂ ಹರಿಯುತ್ತದೆ, ಹಸಿರು ಕಾಳುಗಳೂ ಜೊತೆಗೆ ಸಾಗುತ್ತವೆ. ತೇರಿನ ಹಗ್ಗವನ್ನು ಜನ ಎಳೆದಂತೆ ಎನ್ನುತ್ತಿದ್ದರು ನಮ್ಮ ಉಪನ್ಯಾಸಕಿಯೊಬ್ಬರು; ನಾನು ಒಪ್ಪುವುದಿಲ್ಲ. ತೇರಿನಲ್ಲಿ ಹಗ್ಗ ಮುಂದೆ ಹೋಗುತ್ತದೆ, ಇಲ್ಲಿ ಹಗ್ಗ ಇದ್ದಲ್ಲೇ ಇದೆ, ಎಳೆಯುವವನೇ ಅದರ ಮೇಲೆ ನಡೆಯುತ್ತಾನೆ. ಬಕೆಟ್ ಎತ್ತುವಾಗ ನಿಮ್ಮ ತೋಳಿನಲ್ಲಿ ದುಡಿಯುವುದೂ ಇದೇ ಜೋಡಿಯ ದಾಯಾದಿಗಳು. ಆಕ್ಟಿನ್ ಮೊದಲು ಬೇರ್ಪಟ್ಟದ್ದೇ ಸ್ನಾಯುವಿನಿಂದ, 1942ರಲ್ಲಿ ಹಂಗೇರಿಯ ಸೆಗೆಡ್ ನಗರದಲ್ಲಿ, ಸೆಂಟ್-ಜ್ಯೋರ್ಜಿ ಅವರ ಪ್ರಯೋಗಾಲಯದಲ್ಲಿದ್ದ ಸ್ಟ್ರೌಬ್ ಅವರಿಂದ.

ಮಯೋಸಿನ್ ಬಿಟ್ಟಿ ದುಡಿಯುವುದಿಲ್ಲ, ಹೆಜ್ಜೆಗೊಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಕೇಳುತ್ತದೆ. ತಣ್ಣಗಾದರೆ ಈ ದುಡಿಮೆ ನಿಧಾನವಾಗುತ್ತದೆ. ಓಟ ಚೆನ್ನಾಗಿ ನಡೆಯುತ್ತಿರುವಾಗ ಸ್ಲೈಡನ್ನು ತೆಗೆದು, ಮಂಜುಗಡ್ಡೆ ತುಂಬಿದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಎರಡು ನಿಮಿಷ ಇಡಿ. ಅಡಿಯ ಹನಿ ಒರೆಸಿ ಮತ್ತೆ ನೋಡಿ. ಓಟ ತಗ್ಗಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ, ಎಲೆ ಬೆಚ್ಚಗಾದಂತೆ, ಮತ್ತೆ ಚುರುಕಾಗುತ್ತದೆ. ಎಲ್ಲ ಮುಗಿದ ಮೇಲೆ ಬೇಕಾದರೆ ಕವರ್ ಸ್ಲಿಪ್ಪಿನ ಅಂಚಿಗೆ ಒಂದು ಹನಿ ಅಯೋಡಿನ್ ಬಿಡಿ. ಆಗ ನಿಂತದ್ದು ಮತ್ತೆ ಹೊರಡುವುದಿಲ್ಲ.

ಆಕಾರದ ಮಾತಿಗೆ ಬಂದರೆ, ಗಿಡದ ಕೋಶಕ್ಕೆ ಗೋಡೆಯಿದೆ, ಪಂಜರ ಯಾಕೆ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಒಳ್ಳೆಯ ಪ್ರಶ್ನೆ. ಆದರೆ ಆ ಗೋಡೆಯ ಸೆಲ್ಯುಲೋಸ್ ಎಳೆಗಳು ಯಾವ ದಿಕ್ಕಿಗೆ ಬೀಳಬೇಕೆಂದು ತೋರಿಸುವುದು ಪೊರೆಯ ಕೆಳಗೆ ಸಾಲಾಗಿ ಮಲಗಿರುವ ಮೈಕ್ರೋಟ್ಯೂಬ್ಯೂಲುಗಳು. ಪೀಪಾಯಿಗೆ ಬಿಗಿದ ಪಟ್ಟಿಗಳಂತೆ ಎಳೆಗಳು ಅಡ್ಡ ಬಿದ್ದರೆ ಕೋಶ ಉಬ್ಬದೆ ಉದ್ದಕ್ಕೆ ಬೆಳೆಯುತ್ತದೆ. ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಈ ಕೊಳವೆಗಳನ್ನು ಕಟ್ಟಲು ಬಿಡುವುದಿಲ್ಲ. ಅದು ಮನುಷ್ಯರಿಗೂ ಕಡು ವಿಷ, ಪ್ರಯೋಗಕ್ಕೆಂದು ಗೆಡ್ಡೆ ಜಜ್ಜಲು ಹೋಗಬೇಡಿ. ಗೋಡೆಯಿಲ್ಲದ ಪ್ರಾಣಿಕೋಶಕ್ಕಂತೂ ಒಳಗಿನ ಈ ಚಪ್ಪರವೇ ಆಸರೆ. ಕೆಂಪು ರಕ್ತಕಣ ತನಗಿಂತ ಕಿರಿದಾದ ಲೋಮನಾಳದಲ್ಲಿ ನುಸುಳಿ ಮತ್ತೆ ತಟ್ಟೆಯಾಗುವುದು ಪೊರೆಯ ಒಳಗಿನ ಸ್ಪೆಕ್ಟ್ರಿನ್ ಬಲೆಯಿಂದ. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಚಾಚಿದ ನರತಂತುವಿನಲ್ಲಿ ಹಳಿ ಮೈಕ್ರೋಟ್ಯೂಬ್ಯೂಲ್, ಹಮಾಲಿ ಕೈನೆಸಿನ್. ಹೆಜ್ಜೆಗೆ 8 ನ್ಯಾನೋಮೀಟರಿನಂತೆ ನಡೆಯುತ್ತ, ಬೇಗ ಹೋಗುವ ಸರಕನ್ನು ಅದು ದಿನಕ್ಕೆ 400 ಮಿಲಿಮೀಟರಿನವರೆಗೂ ಸಾಗಿಸುತ್ತದೆ.

ಕೆಲಸ ಮುಗಿದ ಮೇಲೆ ಉಳಿದ ಹೈಡ್ರಿಲ್ಲಾವನ್ನು ಸಿಂಕಿಗೆ ಸುರಿಯಬೇಡಿ, ಇನ್ನೊಂದು ಕೆರೆಗೂ ಬಾವಿಗೂ ಎಸೆಯಬೇಡಿ. ಒಂದು ತುಂಡಿನಿಂದ ಇಡೀ ಗಿಡ ಮತ್ತೆ ಹಬ್ಬುತ್ತದೆ. ಬಿಸಿಲಿಗೆ ಹರವಿ, ಒಣಗಿದ ಮೇಲೆ ತಿಪ್ಪೆಗೆ ಹಾಕಿ. ಎರಡು ತುದಿಗಳನ್ನು ಮಾತ್ರ ಲೋಟದಲ್ಲಿ ಉಳಿಸಿಕೊಳ್ಳಿ, ಮುಂದಿನ ವಾರಕ್ಕೆ ಎಲೆ ಬೇಕಾಗುತ್ತದೆ.