ಗಟ್ಟಿ ಗುಂಡಿನ ಹುಚ್ಚು ಬಿಟ್ಟ ಮೇಲೆ

ನಮ್ಮ ಗ್ಯಾರೇಜಿನ ಅಟ್ಟದ ಮೇಲೆ ಒಂದು ಹಳೇ ಕಾಫಿ ಡಬ್ಬ ಇದೆ. ಅದರ ತುಂಬ ಸೀಸದ ಗುಂಡುಗಳು, ನಾನೂರರ ಹತ್ತಿರ ಇರಬಹುದು. ಬೆಳ್ಳಿಯ ಹಾಗೆ ಹೊಳೆಯುತ್ತವೆ. ಉಗುರಿನಿಂದ ಕೆರೆದರೆ ಗೆರೆ ಕೂಡ ಬೀಳುವುದಿಲ್ಲ. ಒಂದು ಚಳಿಗಾಲ ಪೂರ್ತಿ ಕೂತು ಎರಕ ಹೊಯ್ದದ್ದು. ಅದರಲ್ಲಿ ಒಂದನ್ನೂ ನಾನು ಈಗ ಜಿಂಕೆಗೆ ಹೊಡೆಯುವುದಿಲ್ಲ.

ನಾನು ಸೋಮವಾರಪೇಟೆ ಕಡೆಯವನು. ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಕೆ ಕೋವಿ ಇತ್ತು. ಅದರಿಂದ ಗಾಳಿಗೆ ಈಡು ಹೊಡೆದು ಹಂದಿ ಓಡಿಸಿದ್ದು ಬಿಟ್ಟರೆ ಬೇರೇನೂ ಮಾಡಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವರಿಗೆ ಬೇಟೆ ಅಂದರೆ ಅಜ್ಜ ಹೇಳುವ ಕಥೆ, ಅಷ್ಟೇ. ಬೇಟೆ ಕಲಿತದ್ದು ಅಮೆರಿಕದ ಓಹಾಯೋಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ. ಇಲ್ಲಿ ಮೊದಲ ಸಲ ಮಾಮೂಲಿ ಲೈಸೆನ್ಸ್ ತೆಗೆದುಕೊಳ್ಳುವವರು ಬೇಟೆಯ ಪಾಠ ಮುಗಿಸಿ ಪರೀಕ್ಷೆ ಪಾಸು ಮಾಡಬೇಕು. ನಾನು ನಲವತ್ತನೇ ವಯಸ್ಸಿನಲ್ಲಿ ಹನ್ನೆರಡು ವರ್ಷದ ಮಕ್ಕಳ ಪಕ್ಕ ಕೂತು ಪಾಸು ಮಾಡಿದೆ.

ಪಿಸ್ತೂಲಿನಿಂದ ಜಿಂಕೆ ಹೊಡೆಯಲು ಇಲ್ಲಿ ಅವಕಾಶ ಇದೆ. ನಳಿಕೆ ಕನಿಷ್ಠ 5 ಇಂಚು ಇರಬೇಕು. ತೋಟಾದ ಕೊಳವೆ ನೇರವಾಗಿರಬೇಕು, ಬಾಟಲಿಯಂತೆ ಕತ್ತು ಸಣ್ಣ ಆಗಿರಬಾರದು. ಗುಂಡಿನ ದಪ್ಪ .357 ಇಂಚು ಅಥವಾ ಅದಕ್ಕಿಂತ ಜಾಸ್ತಿ. ನನ್ನ ಹತ್ತಿರ ಇರುವುದು 14 ಇಂಚು ನಳಿಕೆಯ ಥಾಂಪ್ಸನ್ ಸೆಂಟರ್ ಕಂಟೆಂಡರ್ ಪಿಸ್ತೂಲು, ಹಾಕುವುದು .44 ಮ್ಯಾಗ್ನಮ್ ತೋಟಾ. 1967ರಲ್ಲಿ ಬಂದ ಮಾದರಿ. ಊರಿನ ಕೋವಿಯ ಹಾಗೆ ನಡು ಮುರಿದು ಒಂದೇ ಒಂದು ತೋಟಾ ತುರುಕುವುದು, ಮುಚ್ಚುವುದು, ಹೊಡೆಯುವುದು. ಮನಸ್ಸು ಹೋದದ್ದೇ ಆ ಕಾರಣಕ್ಕೆ ಅನ್ನಿಸುತ್ತದೆ. ಇನ್ನೊಂದು ಈಡು ಇದೆ ಅನ್ನುವ ಧೈರ್ಯ ಇಲ್ಲ. ಹಾಗಾಗಿ ಒಳಗೆ ಹಾಕುವ ಗುಂಡಿನ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು.

ನಾನು ಸ್ವಲ್ಪ ಜಾಸ್ತಿಯೇ ಕೆಡಿಸಿಕೊಂಡೆ.

ಎರಕದ ಗುಂಡಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಬ್ರಿನೆಲ್ ಅಂಕಿ, ಅಂದರೆ ಲೋಹ ಎಷ್ಟು ಗಟ್ಟಿ ಅಂತ. ಶುದ್ಧ ಸೀಸ 5. ಕಾರಿನ ಚಕ್ರಕ್ಕೆ ಸಿಕ್ಕಿಸುವ ಹಳೇ ತೂಕದ ತುಂಡುಗಳು 12ರ ಆಸುಪಾಸು. ಹಿಂದೆ ಅಚ್ಚುಕೂಟಗಳಲ್ಲಿ ಬಳಸುತ್ತಿದ್ದ ಲೈನೋಟೈಪ್ ಲೋಹ 22. ಇದರ ಜೊತೆಗೆ ಒಂದು ಲೆಕ್ಕವೂ ಓಡಾಡುತ್ತದೆ. ಬ್ರಿನೆಲ್ ಅಂಕಿಯನ್ನು 1,422ರಿಂದ ಗುಣಿಸಿದರೆ ಗುಂಡು ತಡೆಯುವ ಒತ್ತಡ ಬರುತ್ತದೆ, ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ. .44 ಮ್ಯಾಗ್ನಮ್‌ನ ಗರಿಷ್ಠ ಒತ್ತಡ 36,000. ಭಾಗಿಸಿದೆ, 25 ಬಂತು. ಎಂಜಿನಿಯರ್ ಅಲ್ವಾ, ಅಂಕಿ ಸಿಕ್ಕಿದರೆ ಸಾಕು. ಗುಂಡು 25 ಇರಲೇಬೇಕು ಎಂದು ತೀರ್ಮಾನ ಮಾಡಿಬಿಟ್ಟೆ.

ಚಕ್ರದ ತೂಕದಲ್ಲಿ ಸೀಸದ ಜೊತೆ ಒಂದಿಷ್ಟು ಆಂಟಿಮನಿ, ಚೂರು ತವರ, ಚೂರೇ ಚೂರು ಆರ್ಸೆನಿಕ್ ಇರುತ್ತದೆ. ಅಚ್ಚಿನಿಂದ ಬಿಸಿ ಗುಂಡನ್ನು ನೇರ ನೀರಿನ ಬಕೆಟ್ಟಿಗೆ ಬೀಳಿಸಿದರೆ ಅದು ದುಪ್ಪಟ್ಟು ಗಟ್ಟಿಯಾಗುತ್ತದೆ. ಬಕೆಟ್ಟನ್ನು ಕರಗಿದ ಸೀಸದಿಂದ ದೂರ ಇಡಬೇಕು. ಒಂದು ಹನಿ ನೀರು ಪಾತ್ರೆಯೊಳಗೆ ಹೋದರೂ ಸೀಸ ಸಿಡಿದು ಮೈಮೇಲೆ ಬರುತ್ತದೆ. ಹಾಗೆ ನೀರಿಗೆ ಬೀಳಿಸಿದ ಗುಂಡುಗಳೇ ಆ ಕಾಫಿ ಡಬ್ಬದಲ್ಲಿರುವುದು. ಅಚ್ಚು ಅಗ್ಗಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡ್. ಮೂತಿ ದುಂಡಗೆ, ಕಿರಿದು. ಮೂತಿ ಹೇಗಿದೆ ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಆ ವರ್ಷ ಗನ್ ಸೀಸನ್ನಿನ ಮೊದಲ ಸೋಮವಾರ, ಥ್ಯಾಂಕ್ಸ್‌ಗಿವಿಂಗ್ ಕಳೆದು ನಾಲ್ಕು ದಿನಕ್ಕೆ, ಒಂದು ಹೆಣ್ಣು ಜಿಂಕೆ ಐವತ್ತೈದು ಗಜ ದೂರದಲ್ಲಿ ಅಡ್ಡ ನಿಂತಿತು. ಮುಂಗಾಲಿನ ಹಿಂದೆ ಗುರಿ ಇಟ್ಟೆ. ಈಡು ಸರಿಯಾಗೇ ಬಿತ್ತು. ಜಿಂಕೆ ಒಮ್ಮೆ ಬೆನ್ನು ಕುಗ್ಗಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ಓಡಿತು. ನಿಂತಿದ್ದ ಜಾಗದಲ್ಲಿ ಒಂದು ಹಿಡಿ ಕೂದಲು, ನಾಲ್ಕು ಹನಿ ರಕ್ತ. ಮುಂದೆ ಏನೂ ಇಲ್ಲ. ಕತ್ತಲಾಗುವವರೆಗೆ ಹುಡುಕಿದೆ. ಮಾರನೇ ದಿನ ಬೆಳಿಗ್ಗೆ ಹೊಲದ ಯಜಮಾನರೇ ಜೊತೆಗೆ ಬಂದರು. ತೊರೆಯ ಆಚೆ ಸಿಕ್ಕಿತು. ಕಾಡುನಾಯಿಯಂಥ ಕಯೋಟಿಗಳು ಹಿಂಭಾಗ ತಿಂದು ಮುಗಿಸಿದ್ದವು. ಪಕ್ಕೆಯಲ್ಲಿ ಗುಂಡು ಹೋದ ತೂತು, ಬಂದ ತೂತು, ಎರಡೂ ಒಂದೇ ಅಳತೆ. ಕಿರುಬೆರಳು ತೂರುವಷ್ಟು. ಎರಡು ಶ್ವಾಸಕೋಶದಲ್ಲೂ ಹಾದುಹೋಗಿತ್ತು, ಆದರೆ ದಬ್ಬಣ ಚುಚ್ಚಿದ ಹಾಗೆ. ಯಜಮಾನರು ತೂತು ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರೈಫಲ್ ಗುಂಡು ಸೆಕೆಂಡಿಗೆ ಎರಡೂವರೆ, ಮೂರು ಸಾವಿರ ಅಡಿ ಓಡುತ್ತದೆ. ನನ್ನ 250 ಗ್ರೇನ್ ಗುಂಡು, ಅಂದರೆ ಹದಿನಾರು ಗ್ರಾಂ, ನಳಿಕೆಯ ಬಾಯಲ್ಲಿ 1,350 ಅಡಿ. ನೂರು ಗಜಕ್ಕೆ ಹೋಗುವಷ್ಟರಲ್ಲಿ 1,100ರ ಆಸುಪಾಸು. ಈ ವೇಗದಲ್ಲಿ 22, 25 ಬ್ರಿನೆಲ್ಲಿನ ಗುಂಡು ಅರಳುವುದೇ ಇಲ್ಲ, ಅಂದರೆ ಮಾಂಸಕ್ಕೆ ಬಡಿದಾಗ ಮೂತಿ ಅಗಲ ಆಗುವುದಿಲ್ಲ. ಲೈನೋಟೈಪ್ ಆದರೆ ಇನ್ನೂ ಕಷ್ಟ. ಅರಳುವ ಬದಲು ಮೂಳೆಗೆ ತಾಗಿ ಒಡೆದೀತು.

ಇನ್ನೊಂದು ವಿಷಯ ಸುಮ್ನೆ ಕಡೆಗಣಿಸಿದ್ದೆ. ಆ ಗಟ್ಟಿ ಗುಂಡು ಹತ್ತು ಹೊಡೆಯುವಷ್ಟರಲ್ಲಿ ನಳಿಕೆಯ ಬುಡದಲ್ಲಿ ಸೀಸ ಮೆತ್ತಿಕೊಳ್ಳುತ್ತಿತ್ತು, ಗುರಿ ಚದುರುತ್ತಿತ್ತು. ಇನ್ನೂ ಗಟ್ಟಿ ಮಾಡಬೇಕೇನೋ ಅಂದುಕೊಂಡಿದ್ದೆ! ಕೊನೆಗೆ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೀನು ಗಾಳಕ್ಕೆ ಕಟ್ಟುವ ಮೆದು ಸೀಸದ ಉಂಡೆಗೆ ಎಣ್ಣೆ ಹಚ್ಚಿ, ಖಾಲಿ ನಳಿಕೆಯಲ್ಲಿ ಈ ಕಡೆಯಿಂದ ಆ ಕಡೆಗೆ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಗುಂಡು ತಿರುಗಲಿ ಅಂತ ನಳಿಕೆಯೊಳಗೆ ಕೊರೆದಿರುವ ತೋಡಿನ ಅಳತೆ .4305 ಇಂಚು. ನನ್ನ ಗುಂಡು .429. ಒಂದೂವರೆ ಸಾವಿರಾಂಶ ಸಣ್ಣ. ಆ ಸಂದಿಯಲ್ಲಿ ಬಿಸಿ ಗಾಳಿ ನುಗ್ಗಿ ಗುಂಡಿನ ಅಂಚನ್ನು ಕರಗಿಸಿ ನಳಿಕೆಗೆ ಬಳಿಯುತ್ತಿತ್ತು. ಮೆದು ಗುಂಡಾದರೆ ಒತ್ತಡಕ್ಕೆ ಉಬ್ಬಿ ಸಂದಿ ಮುಚ್ಚುತ್ತದೆ. ಗಟ್ಟಿಯದು ಉಬ್ಬುವುದಿಲ್ಲ. ಗಟ್ಟಿ ಇದ್ದರೆ ಸೀಸ ಮೆತ್ತುವುದಿಲ್ಲ ಅಂತ ನಂಬಿದ್ದೆ, ಮೆತ್ತುತ್ತಿದ್ದದ್ದೇ ಅದರಿಂದ. ಈಗ .432ಕ್ಕೆ ತೀಡುತ್ತೇನೆ. ಸೀಸ ಮೆತ್ತುವ ಕಾಟ ಅಲ್ಲಿಗೇ ನಿಂತಿತು.

ಅಚ್ಚು ಬದಲಾಯಿಸಿದೆ. ಲೈಮನ್ 429244, ರೇ ಥಾಂಪ್ಸನ್ ವಿನ್ಯಾಸ. ಮೂತಿ ಚಪ್ಪಟೆ, ಭುಜ ಚೂಪು, ಬುಡದಲ್ಲಿ ತಾಮ್ರದ ಪುಟ್ಟ ಬಟ್ಟಲು ಕೂರಿಸಲು ಜಾಗ. ಇದಕ್ಕೆ ಗ್ಯಾಸ್ ಚೆಕ್ ಅನ್ನುತ್ತಾರೆ. ಬುಡವನ್ನು ಅದು ಕಾಯುವುದರಿಂದ ಮೇಲಿನ ಲೋಹ ಮೆದುವಾಗಿದ್ದರೂ ನಡೆಯುತ್ತದೆ. ಆ 1,422ರ ಲೆಕ್ಕದಲ್ಲಿ ಈ ಬಟ್ಟಲಿಗೆ ಜಾಗವೇ ಇಲ್ಲ. ಚಪ್ಪಟೆ ಮೂತಿಯ ಲಾಭ ಅಂದರೆ, ಗುಂಡು ಅರಳದೇ ಹೋದರೂ ಅದು ಮಾಂಸವನ್ನು ಸರಿಸಿಕೊಂಡು ಜಾರುವುದಿಲ್ಲ, ಗುದ್ದಿಕೊಂಡು ಹೋಗುತ್ತದೆ. ಲೀ ಕಂಪನಿಯ 310 ಗ್ರೇನ್ ಅಚ್ಚನ್ನೂ ಒಂದು ವರ್ಷ ಬಳಸಿದೆ. ಗುಂಡು ಒಳ್ಳೆಯದೇ. ಆದರೆ ಈ ಹಗುರ ಪಿಸ್ತೂಲಿನಲ್ಲಿ ಅದರ ಒದೆತ ತಿಂದು ಮಣಿಕಟ್ಟು ನೋವು ಬಂತು. ಬಿಳಿಬಾಲದ ಜಿಂಕೆಗೆ ಅಷ್ಟು ಭಾರ ಬೇಕಾಗಿಯೂ ಇಲ್ಲ.

ಕಂಟೆಂಡರಿನಲ್ಲಿ ಒಂದು ಅನುಕೂಲ ಇದೆ. ರಿವಾಲ್ವರಿನ ಉರುಳೆಯ ಉದ್ದಕ್ಕೆ ತೋಟಾ ಹೊಂದಿಸುವ ಗೋಜಿಲ್ಲ. ಗುಂಡನ್ನು ಮುಂದಕ್ಕೆ ಕೂರಿಸಿ, ನಳಿಕೆಯ ತೋಡಿಗೆ ಅದು ಮುಟ್ಟೂಮುಟ್ಟದಂತೆ ಇಡಬಹುದು. ಮದ್ದಿಲ್ಲದ ಒಂದು ಡಮ್ಮಿ ತೋಟಾ ಮಾಡಿ, ಪಿಸ್ತೂಲು ಮುಚ್ಚಿ ತೆಗೆದು, ಗುಂಡಿನ ಮೇಲೆ ತೋಡಿನ ಗುರುತು ಎಲ್ಲಿ ಬಿತ್ತು ಅಂತ ನೋಡಿ, ಕೂದಲೆಳೆಯಷ್ಟು ಹಿಂದಕ್ಕೆ ತಳ್ಳುತ್ತೇನೆ. ನನ್ನ ಗುರಿ ಅರ್ಧಕ್ಕರ್ಧ ಕೂಡಿಬಂದದ್ದು ಇದೊಂದರಿಂದಲೇ. ಮದ್ದಿನ ಅಳತೆ ಇಲ್ಲಿ ಬರೆಯುವುದಿಲ್ಲ. ಅದನ್ನು ಲೋಡಿಂಗ್ ಪುಸ್ತಕದ ಕನಿಷ್ಠ ಅಳತೆಯಿಂದ ಶುರು ಮಾಡಬೇಕು, ಬೇರೆಯವರ ಮಾತು ಕೇಳಿ ಅಲ್ಲ.

ಲೋಹಕ್ಕೆ ಚಕ್ರದ ತೂಕ ಅರ್ಧ, ಹಳೇ ಛಾವಣಿಯಿಂದ ಕಿತ್ತ ಮೆದು ಸೀಸ ಅರ್ಧ, ಮೇಲೆ ನೂರಕ್ಕೆ ಎರಡು ಪಾಲು ತವರ. ತವರ ಇಲ್ಲದಿದ್ದರೆ ಅಚ್ಚಿನ ಮೂಲೆ ಸರಿಯಾಗಿ ತುಂಬುವುದಿಲ್ಲ. ನೀರಿಗೆ ಬೀಳಿಸುವುದಿಲ್ಲ, ಬಟ್ಟೆಯ ಮೇಲೆ ತಣ್ಣಗಾಗಲು ಬಿಡುತ್ತೇನೆ. ಎರಡು ವಾರ ಕಳೆದರೆ ಬ್ರಿನೆಲ್ 10ರ ಹತ್ತಿರ ನಿಲ್ಲುತ್ತದೆ. ತೂಕಗಳನ್ನು ಆರಿಸುವಾಗ ಕಟಿಂಗ್ ಪ್ಲೇಯರಿನಿಂದ ಕಚ್ಚಿ ನೋಡಬೇಕು. ಹಲ್ಲಿನ ಗುರುತು ಬೀಳದಿದ್ದರೆ ಅದು ಸತು ಅಥವಾ ಕಬ್ಬಿಣ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು 419ಕ್ಕೆ. ಉರಿ ಹದದಲ್ಲಿದ್ದರೆ ಸತು ಮೇಲೆ ತೇಲುತ್ತದೆ, ಕಿಟ್ಟದ ಜೊತೆ ತೆಗೆದು ಬಿಸಾಡಬಹುದು. ಒಮ್ಮೆ ಉರಿ ಜಾಸ್ತಿ ಮಾಡಿ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದೆ. ತಿರುಗಿ ನೋಡಿದರೆ ಹಾಲಿಗೆ ಹುಳಿ ಹಿಂಡಿದ ಹಾಗೆ ಇಡೀ ಪಾತ್ರೆ ಗಂಟುಗಂಟು. ಹತ್ತು ಕೆ.ಜಿ. ಸೀಸ ಹಾಳು.

ಹೊಸ ಗುಂಡನ್ನು ನಂಬುವ ಮೊದಲು ಪರೀಕ್ಷೆ ಮಾಡಿದೆ. ಮನೆ ಬಾಗಿಲಿಗೆ ಬೇಡ ಅಂದರೂ ಬಂದು ಬೀಳುವ ಜಾಹೀರಾತು ಪತ್ರಿಕೆಗಳನ್ನು ರಾತ್ರಿ ನೆನೆಸಿ, ಬಿಗಿಯಾಗಿ ಕಟ್ಟಿ, ಐವತ್ತು ಗಜಕ್ಕೆ ಇಟ್ಟು ಹೊಡೆದೆ. ಡಬ್ಬದ ಗುಂಡು ಕಟ್ಟನ್ನು ಸೀಳಿಕೊಂಡು ಹಿಂದಿನ ಮಣ್ಣಿಗೆ ಹೋಯಿತು. ಅಗೆದು ತೆಗೆದರೆ ತೋಡಿನ ಗೀರು ಬಿಟ್ಟರೆ ಹೊಸದರ ಹಾಗೇ ಇತ್ತು. ಮೆದು ಗುಂಡು ಕಟ್ಟಿನೊಳಗೇ ಸಿಕ್ಕಿತು. ಮೂತಿ ಅಣಬೆಯ ಹಾಗೆ ಮಡಚಿಕೊಂಡಿತ್ತು, ಚೂರಾಗಿರಲಿಲ್ಲ. ತೂಕ ಹಾಕಿದರೆ 243 ಗ್ರೇನ್.

ಮುಂದಿನ ಡಿಸೆಂಬರಿನಲ್ಲಿ ಅದೇ ತೊರೆಯ ಈಚೆ, ಸುಮಾರು ಅರವತ್ತು ಗಜಕ್ಕೆ ಒಂದು ಗಂಡು. ಕೋಲಿನ ಆಸರೆ ಕೊಟ್ಟು ಹೊಡೆದೆ. ಮೂವತ್ತು ಹೆಜ್ಜೆ ಓಡಿ ಬಿತ್ತು. ಹುಡುಕುವ ಕೆಲಸವೇ ಇರಲಿಲ್ಲ, ಹಿಮದ ಮೇಲೆ ದಾರಿ ಕಾಣುತ್ತಿತ್ತು. ಹೊರಬಂದ ತೂತಿಗೆ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಆಮೇಲೆ ನಾಲ್ಕು ಜಿಂಕೆ ಆಗಿವೆ, ಎಲ್ಲವೂ ಎಪ್ಪತ್ತೈದು ಗಜದೊಳಗೆ. ಅದಕ್ಕಿಂತ ದೂರ ಇದ್ದರೆ ಸುಮ್ನೆ ನೋಡಿ ಕಳಿಸುತ್ತೇನೆ.

ಮಾಂಸ ಮನೆಯಲ್ಲಿ ಮಕ್ಕಳೂ ತಿನ್ನುತ್ತಾರೆ. ಹಾಗಾಗಿ ಸೀಸದ ಮಾತು ಬಿಡುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ಬಂದ್. ನಿಧಾನ ಹೋಗುವ ಎರಕದ ಗುಂಡು ವೇಗದ ರೈಫಲ್ ಗುಂಡಿನಷ್ಟು ಪುಡಿಯಾಗುವುದಿಲ್ಲ, ನಿಜ. ಆದರೂ ಗುಂಡಿನ ದಾರಿಯ ಸುತ್ತ ಒಂದು ಗೇಣು ಮಾಂಸ ಕತ್ತರಿಸಿ ಬಿಸಾಡುತ್ತೇನೆ. ಎರಕ ಹೊಯ್ಯುವುದು ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಮಕ್ಕಳು ಶಾಲೆಗೆ ಹೋದ ಮೇಲೆ. ಆ ಅಂಗಿ ಬೇರೆ ಬಟ್ಟೆಯ ಜೊತೆ ಒಗೆಯಲು ಬೀಳುವ ಹಾಗಿಲ್ಲ, ಹೆಂಡತಿಯ ಕಟ್ಟಪ್ಪಣೆ. ಉಳಿದ ಮಾಂಸಕ್ಕೆ ಊರಿಂದ ತರಿಸಿದ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ, ಹಾಕಿದರೆ ಹಂದಿ ಸಾರಿನ ನೆನಪು ಸ್ವಲ್ಪ ಬರುತ್ತದೆ. ಕೊಬ್ಬು ಇಲ್ಲವಲ್ಲ, ಪೂರ್ತಿ ಬರುವುದಿಲ್ಲ.

ಡಬ್ಬದ ಗುಂಡುಗಳನ್ನು ಎಸೆದಿಲ್ಲ. ನೀರಿಗೆ ಬೀಳಿಸಿ ಬಂದ ಗಟ್ಟಿತನ ಮತ್ತೆ ಕರಗಿಸಿದರೆ ಹೋಗಿಬಿಡುತ್ತದೆ. ಸಮ ತೂಕದ ಮೆದು ಸೀಸ ಸಿಕ್ಕಿದರೆ ಈ ಜನವರಿಯಲ್ಲಿ ಎಲ್ಲವನ್ನೂ ಪಾತ್ರೆಗೆ ಹಾಕಬೇಕು. ಛಾವಣಿ ರಿಪೇರಿ ಮಾಡುವವನೊಬ್ಬ ಇಪ್ಪತ್ತು ಕೆ.ಜಿ. ಇದೆ ಅಂದಿದ್ದಾನೆ. ಬೆಲೆ ಮಾತ್ರ ಇನ್ನೂ ಹೇಳಿಲ್ಲ.