ಮಗಳಿಗೂ ಒಂದು ತಟ್ಟೆ

ಮಗಳಿಗೆ ಹನ್ನೊಂದು ತಿಂಗಳು ತುಂಬಿದೆ. ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ನಡುಮನೆಯವರೆಗೆ ಬರುತ್ತಾಳೆ, ಕೈ ಬಿಟ್ಟು ಒಂದು ಗಳಿಗೆ ನಿಲ್ಲುತ್ತಾಳೆ, ದೊಪ್ಪನೆ ಕೂರುತ್ತಾಳೆ. ಮನೆಗೆ ಬಂದವರೆಲ್ಲ ಮೊದಲು ಕೇಳುವುದು ನಡಿಗೆಯನ್ನು. ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳಿನ ನಡುವೆ ಯಾವಾಗ ಬೇಕಾದರೂ ತಾವಾಗಿ ಹೆಜ್ಜೆ ಇಟ್ಟಿದ್ದಾರೆ. ನನ್ನ ಯೋಚನೆ, ದುಡಿಮೆ ಎಲ್ಲವೂ ಹೋದದ್ದು ಊಟಕ್ಕೆ. ರಾಗಿ ಸರಿ (ಹಿಟ್ಟಿನ ತೆಳು ಗಂಜಿ) ಕುಡಿಯುತ್ತಿದ್ದ ಕೂಸು ನಮ್ಮ ಜೊತೆ ನೆಲದ ಮೇಲೆ ಕುಳಿತು ತನ್ನ ಕೈಯಿಂದಲೇ ಉಣ್ಣುವಂತೆ ಮಾಡಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಸೀಮೆ. ರಾಗಿಯ, ತೆಂಗಿನ ನಾಡು. ಮಗುವಿಗೆ ಮೊದಲು ಏನು ಕೊಡಬೇಕು ಎಂದು ನಮ್ಮಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ. ಆರು ತಿಂಗಳು ತುಂಬಿದರೆ ರಾಗಿ ಸರಿ, ಅಷ್ಟೇ. ನನ್ನ 26 ವಾರಗಳ ಹೆರಿಗೆ ರಜೆ ಮುಗಿದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹಗಲು ಉಣಿಸುವ ಕೆಲಸ ಅತ್ತೆಯವರ ಪಾಲಿಗೆ ಬರುವುದರಿಂದ, ಹಿಟ್ಟನ್ನು ಮಾತ್ರ ನಾನೇ ಮಾಡಿಡುತ್ತೇನೆ ಎಂದು ಹಟ ಹಿಡಿದೆ.

ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ ರಾತ್ರಿಯಿಡೀ ನೆನೆಹಾಕುತ್ತೇನೆ. ಬೆಳಿಗ್ಗೆ ನೀರು ಬಸಿದು ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಮರುದಿನಕ್ಕೆ ಕಾಳಿನ ತುದಿಯಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಉದ್ದ ಬೆಳೆಯಲು ಬಿಡದೆ ನೆರಳಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಗಿರಣಿಗೆ ಕಳಿಸುತ್ತೇನೆ. ಘಮ್ಮೆನ್ನಲಿ ಎಂದು ಕೆಂಪಗೆ ಹುರಿಯುವವರಿದ್ದಾರೆ. ಹಾಗೆ ಮಾಡಿದರೆ ಮೊಳಕೆ ಕಟ್ಟಿದ ಶ್ರಮವೇ ವ್ಯರ್ಥ.

ಯಾಕೆಂದರೆ ಮೊಳೆತ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ, ಅದು ಹೆಚ್ಚು ಶಾಖಕ್ಕೆ ನಾಶವಾಗುತ್ತದೆ. ಅದರ ಬೆಲೆ ಒಲೆಯ ಮುಂದೆ ನಿಂತಾಗ ತಿಳಿಯುತ್ತದೆ. ಸಾದಾ ರಾಗಿ ಹಿಟ್ಟು ಸ್ವಲ್ಪ ಹಾಕಿದರೂ ಕುದಿಯುತ್ತಿದ್ದಂತೆ ಗಟ್ಟಿಯಾಗುತ್ತದೆ. ಮಗು ನುಂಗಲಿ ಎಂದು ನೀರು ಬೆರೆಸುತ್ತೇವೆ, ಅಂಗೈಯಷ್ಟು ಹೊಟ್ಟೆ ಆ ನೀರಿನಿಂದಲೇ ತುಂಬಿಹೋಗುತ್ತದೆ. ಮೊಳಕೆಯ ಹಿಟ್ಟಿನಲ್ಲಿ ಈ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ತೆಳುವಾಗಿಯೇ ಉಳಿಯುತ್ತದೆ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಜೊತೆಗೆ ಕಾಳಿನಲ್ಲಿದ್ದು ಕಬ್ಬಿಣ, ಸುಣ್ಣವನ್ನು (ಕ್ಯಾಲ್ಸಿಯಂ) ಕಟ್ಟಿಹಾಕುವ ಫೈಟೇಟ್ ಎಂಬ ಅಂಶ ಕೂಡ ಮೊಳೆತಾಗ ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣವಿದೆ; ಅದು ಮೈಗೆ ಹತ್ತದಿದ್ದರೆ ಏನು ಪ್ರಯೋಜನ? ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಹಸಿ ವಾಸನೆ ಹೋಗಿ ಮೈ ಹೊಳೆಯುವವರೆಗೆ ಬೇಯಿಸಿ, ಇಳಿಸುವಾಗ ಪುಟ್ಟ ಚಮಚ ತುಪ್ಪ ಹಾಕುತ್ತೇನೆ. ಉಪ್ಪಿಲ್ಲ, ಬೆಲ್ಲವಿಲ್ಲ. ಸಿಹಿಯಿಲ್ಲದೆ ಹೇಗೆ ತಿನ್ನುತ್ತಾಳೆ ಎಂದು ಕೇಳುವವರಿಗೆ ಅವಳು ಬಟ್ಟಲು ಖಾಲಿ ಮಾಡುವುದನ್ನು ತೋರಿಸಿದ್ದೇನೆ.

ಆರೇಳು ತಿಂಗಳಿಗೆ ಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸುತ್ತಿದ್ದೆ. ಎಂಟು ದಾಟಿದ ಮೇಲೆ ಸೋಸುವುದನ್ನು ಬಿಟ್ಟೆ, ಒಂಬತ್ತಕ್ಕೆ ನುಣ್ಣಗೆ ಅರೆಯುವುದನ್ನೂ ಬಿಟ್ಟೆ. ಹಲ್ಲು ಬರಲಿ ಎಂದು ಕಾಯಬೇಕಾಗಿಲ್ಲ. ಬೆಂದ ಗೆಣಸು, ಇಡ್ಲಿಯ ತುಂಡು, ಏಲಕ್ಕಿ ಬಾಳೆಹಣ್ಣನ್ನು ವಸಡೇ ಅರೆಯುತ್ತದೆ. ಈ ಹೊತ್ತಿನಲ್ಲಿ ತುಣುಕಿನ ರುಚಿ ಹತ್ತಿಸದೆ ವರ್ಷ ಕಳೆಯುವವರೆಗೂ ಮಿಕ್ಸಿಗೆ ಹಾಕಿದ್ದನ್ನೇ ಕೊಟ್ಟರೆ, ಮುಂದೆ ಬಾಯಿಗೆ ಗಟ್ಟಿ ತಾಕಿದರೆ ಸಾಕು ಉಗುಳುವ ಮಕ್ಕಳಾಗುತ್ತಾರೆ.

ಅವಳಿಗೆ ಅಂತಲೇ ಅಂಚು ಎತ್ತರವಿರುವ ಒಂದು ಪುಟ್ಟ ಸ್ಟೀಲ್ ತಟ್ಟೆ ತಂದೆ. ಮೊದಮೊದಲು ಅನ್ನವನ್ನು ಇಡೀ ಅಂಗೈಯಿಂದ ಬಳಿದು, ಮುಷ್ಟಿ ಬಾಯಿಗೆ ಒತ್ತಿ, ಬಿದ್ದದ್ದೆಷ್ಟು, ಒಳಗೆ ಹೋದದ್ದೆಷ್ಟು ತಿಳಿಯುತ್ತಿರಲಿಲ್ಲ. ಒಂದು ಸಂಜೆ ತಟ್ಟೆಯ ಅಂಚಿಗೆ ಅಂಟಿದ ಒಂದೇ ಅಗುಳನ್ನು ನೋಡುತ್ತ ಕುಳಿತಳು. ಬೆರಳುಗಳನ್ನೆಲ್ಲ ಮಡಿಸಿ, ತೋರುಬೆರಳು ಚಾಚಿ ಅದನ್ನು ಒತ್ತಿದಳು, ಅದು ಜಾರಿತು. ಹೆಬ್ಬೆರಳನ್ನು ಆ ಬದಿಯಿಂದ ತಂದು, ಎರಡರ ನಡುವೆ ಅಗುಳನ್ನು ಸಿಕ್ಕಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿ, ನಾಲಿಗೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಅವತ್ತಿನಿಂದ ನೆಲದ ಮೇಲಿನ ಸಾಸಿವೆ ಕಾಳು, ಗುಂಡುಸೂಜಿ, ಸತ್ತ ಇರುವೆ ಎಲ್ಲವೂ ಅವಳ ಬೆರಳಿಗೆ ಸಿಗುತ್ತವೆ. ಉಣ್ಣಲು ಬೇಕಾದ ಚಾತುರ್ಯವೂ ಅಪಾಯಕ್ಕೆ ದಾರಿಯೂ ಒಂದೇ ದಿನ ಮನೆಗೆ ಬಂದವು. ರಿಮೋಟ್‌ನ ಮುಚ್ಚಳಕ್ಕೆ ಟೇಪ್ ಸುತ್ತಿದ್ದು, ಗುಂಡಿ ಬ್ಯಾಟರಿಗಳನ್ನು ಬೀರುವಿಗೆ ಸೇರಿಸಿದ್ದು ಆ ವಾರವೇ. ಆ ಬ್ಯಾಟರಿ ಗಂಟಲಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಲ್ಲದು.

ಅತ್ತೆಯವರ ಭಯ ಗಂಟಲಿನದೇ. ತುಣುಕು ಕೊಟ್ಟಾಗ ಮಗು ಓಕರಿಸಿದರೆ ಬೆರಳು ಹಾಕಿ ತೆಗೆಯಲು ಹೋಗುತ್ತಿದ್ದರು. ಆರೋಗ್ಯ ಕೇಂದ್ರದ ದಾದಿಯೊಬ್ಬರನ್ನು ಕೇಳಿಕೊಂಡು ನಾವಿಬ್ಬರೂ ಒಟ್ಟಿಗೆ ಕಲಿತೆವು. ಮಗು ಕೆಮ್ಮುತ್ತಿದ್ದರೆ, ಮುಖ ಕೆಂಪಾಗಿ ಸದ್ದು ಮಾಡುತ್ತಿದ್ದರೆ ಸುಮ್ಮನೆ ನೋಡುತ್ತಿರಬೇಕು, ಅದೇ ಹೊರಹಾಕುತ್ತದೆ. ಸದ್ದೇ ನಿಂತು, ಉಸಿರಾಡಲಾಗದೆ ತುಟಿ ನೀಲಿಯಾಗತೊಡಗಿದರೆ ತೋಳಿನ ಮೇಲೆ ಬೋರಲಾಗಿ ತಲೆ ಕೆಳಗಾಗಿ ಮಲಗಿಸಿ ಬೆನ್ನಿಗೆ ಐದು ಗುದ್ದು, ತಿರುಗಿಸಿ ಎದೆಯ ಮಧ್ಯೆ ಐದು ಸಲ ಒತ್ತು, ಅಡ್ಡಿ ಹೊರಬರುವವರೆಗೆ ಹೀಗೇ. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಕಲಿತ ಮೇಲೆಯೇ ಅತ್ತೆಯವರು ಧೈರ್ಯವಾಗಿ ಮಗಳ ತಟ್ಟೆಗೆ ತುಣುಕು ಹಾಕಿದ್ದು. ಇಡೀ ಕಡಲೆಕಾಯಿ ಬೀಜ, ದುಂಡು ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ನಮ್ಮಲ್ಲಿ ಅವಳಿಗೆ ಇಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳುತ್ತೇನೆ, ಕಡಲೆಕಾಯಿಯನ್ನು ಹುರಿದು ಪುಡಿ ಮಾಡಿ ಸರಿಗೆ ಬೆರೆಸುತ್ತೇನೆ. ವರ್ಷ ತುಂಬುವವರೆಗೆ ಜೇನೂ ಇಲ್ಲ, ಅದರಲ್ಲಿರಬಹುದಾದ, ಬಾಟುಲಿಸಂ ಎಂಬ ವಿಷಬಾಧೆ ತರುವ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು.

ಅವಳಿಗೆಂದು ಬೇರೆ ಅಡುಗೆ ಈಗ ಇಲ್ಲ. ತೊವ್ವೆಗೆ ಉಪ್ಪು ಹಾಕುವ ಮೊದಲು ಒಂದು ಬಟ್ಟಲು ತೆಗೆದಿಡುತ್ತೇನೆ. ಸೊಪ್ಪಿನ ಸಾರಿನ ಬೇಳೆ-ಸೊಪ್ಪನ್ನೂ ಖಾರ ಬೀಳುವ ಮುನ್ನ ಎತ್ತಿಡುತ್ತೇನೆ, ಹಿಸುಕಿ ಎರಡು ಹನಿ ನಿಂಬೆ ಹಿಂಡಿದರೆ ಅದರಲ್ಲಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮುದ್ದೆಯ ಮೆತ್ತನೆಯ ಗುಳಿಗೆ, ಬೆಂದ ಮೊಟ್ಟೆ, ಮೊಸರನ್ನ. ದಿನಕ್ಕೆ ಮೂರು ನಾಲ್ಕು ಹೊತ್ತು ಊಟ, ನಡುವೆ ಹಣ್ಣು. ಆರು ತಿಂಗಳ ಮೇಲೆ ಎದೆಹಾಲಿನ ಕಬ್ಬಿಣ ಸಾಲದು, ಆದ್ದರಿಂದ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ ಒಂದೊಂದು ಎಂ.ಎಲ್. ತಪ್ಪದೆ ಹಾಕುತ್ತೇವೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆ ವಿಟಮಿನ್ ಎ ಹಾಕಿಸಿ ತಾಯಿ ಕಾರ್ಡ್‌ನಲ್ಲಿ ಬರೆಸಿದ್ದೂ ಆಗಿದೆ.

ಎಷ್ಟು ಉಣ್ಣಬೇಕು ಎಂಬುದನ್ನು ಅವಳಿಗೇ ಬಿಟ್ಟಿದ್ದೇನೆ, ಈ ವಿಷಯದಲ್ಲಿ ನಾನು ಗಟ್ಟಿ. ವರ್ಷದ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಆ ವೇಗ ಮುಂದೆ ಇರುವುದಿಲ್ಲ, ಹಸಿವೂ ತಾನಾಗಿ ಇಳಿಯುತ್ತದೆ. ಮೊಬೈಲ್ ಕೈಗೆ ಕೊಟ್ಟು ತುತ್ತು ತುರುಕುವ ಕೆಲಸ ಎಷ್ಟೋ ಮನೆಗಳಲ್ಲಿ ಶುರುವಾಗುವುದು ಈ ಇಳಿತಕ್ಕೆ ಹೆದರಿ. ಬಾಯಿ ತಿರುಗಿಸಿದರೆ ತಟ್ಟೆ ಎತ್ತುತ್ತೇನೆ. ಎರಡು ಗಂಟೆ ಕಳೆದು ಮತ್ತೆ ಇಡುತ್ತೇನೆ.

ಕೆಲಸಕ್ಕೆ ಹೊರಡುವ ಗಳಿಗೆಯೇ ದಿನದ ಕಷ್ಟದ ಗಳಿಗೆ. ತಾಯಿ ಕಣ್ಮರೆಯಾದರೂ ಎಲ್ಲೋ ಇದ್ದಾಳೆ ಎಂಬುದು ಈ ವಯಸ್ಸಿಗೆ ತಿಳಿದಿರುತ್ತದೆ, ಯಾವಾಗ ಬರುತ್ತಾಳೆ ಎಂಬುದು ತಿಳಿದಿರುವುದಿಲ್ಲ, ಅದಕ್ಕೇ ಅಳು. ಕಣ್ತಪ್ಪಿಸಿ ಹಿತ್ತಿಲ ಬಾಗಿಲಿನಿಂದ ಹೋಗು ಎಂದು ಎಲ್ಲರೂ ಹೇಳುತ್ತಾರೆ. ನಾನು ಎದುರಿಗೇ ಕೈ ಬೀಸಿ ಹೊರಡುತ್ತೇನೆ. ಅಳುತ್ತಾಳೆ, ಆದರೆ ನಾನು ಎದ್ದಾಗಲೆಲ್ಲ ಸೆರಗು ಹಿಡಿದುಕೊಳ್ಳುವುದಿಲ್ಲ. ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ಹಾಲುಣಿಸಲು ದಿನಕ್ಕೆ ಎರಡು ವಿರಾಮ ಕೊಡಬೇಕೆಂದು ಕಾನೂನು ಹೇಳುತ್ತದೆ. ಮನೆ ದೂರವಿರುವುದರಿಂದ ಆ ವಿರಾಮಗಳಲ್ಲಿ ಹಾಲು ಹಿಂಡಿ ಕಚೇರಿಯ ಫ್ರಿಜ್‌ನಲ್ಲಿಟ್ಟು ತರುತ್ತೇನೆ. ಈ ಹಕ್ಕು ಇದೆ ಎಂಬುದೇ ಗೊತ್ತಿಲ್ಲದೆ ಹಾಲು ಬತ್ತಿಸಿಕೊಂಡ ತಾಯಂದಿರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನೆಗಡಿ-ಜ್ವರ ಬಂದಾಗ, ಹಲ್ಲು ಒಡೆಯುವಾಗ ತಟ್ಟೆಯನ್ನು ತಳ್ಳಿಬಿಡುತ್ತಾಳೆ. ಆಗ ಎದೆಹಾಲು, ಮೆತ್ತನೆಯ ಅನ್ನ-ತಿಳಿಸಾರು, ಏನು ಒಪ್ಪುತ್ತಾಳೋ ಅದು. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚು ಉಣಿಸಿದರೆ ಇಳಿದ ತೂಕ ಹಿಂದಿರುಗುತ್ತದೆ.

ಬರುವ ತಿಂಗಳು ವರ್ಷ ತುಂಬುತ್ತದೆ. ಹಸುವಿನ ಹಾಲನ್ನು ಅಂದಿನಿಂದ ಲೋಟದಲ್ಲಿ ಕುಡಿಸುತ್ತೇನೆ, ಬಾಟಲಿಯಲ್ಲಿ ಅಲ್ಲ, ಅರ್ಧ ಲೀಟರಿಗಿಂತ ಹೆಚ್ಚೂ ಅಲ್ಲ. ಹಾಲಿನಿಂದಲೇ ಹೊಟ್ಟೆ ತುಂಬಿದರೆ ಊಟ ಸೇರುವುದಿಲ್ಲ, ರಕ್ತಹೀನತೆ ಬರುತ್ತದೆ. ಅನ್ನ ಉಣ್ಣುತ್ತಾಳಲ್ಲ, ಇನ್ನು ಎದೆಹಾಲು ಬಿಡಿಸು ಎಂದು ಅತ್ತೆಯವರು ಈಗಲೇ ಮಾತು ತೆಗೆದಿದ್ದಾರೆ. ಎರಡು ವರ್ಷದವರೆಗೆ ಕೊಡುವುದೆಂದು ನಾನು ತೀರ್ಮಾನಿಸಿದ್ದೇನೆ, ಅದನ್ನು ಅವರಿಗೆ ಹೇಳಿಯೂ ಆಗಿದೆ.