ಹಳೇ ಫೋನನ್ನೇ ಗೇಜು ಮಾಡಿ ಎಎಫ್ಆರ್ ಹಾಕಿಕೊಂಡದ್ದು

ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳೇ ಆಂಡ್ರಾಯ್ಡ್ ಫೋನು, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಎಂಜಿನ್ ಕಂಪ್ಯೂಟರಿನ ಜೊತೆ ಮಾತಾಡುವ ಸಾಕೆಟ್) ಒಂದು ಇಎಲ್ಎಂ327 ಬ್ಲೂಟೂತ್ ಅಡಾಪ್ಟರ್, ಫೋನಿನಲ್ಲಿ ಟಾರ್ಕ್ ಪ್ರೊ ಅನ್ನುವ ಆ್ಯಪ್. ನನ್ನ ಗೇಜು ಅಂದರೆ ಇಷ್ಟೇ. ಆರ್‌ಪಿಎಂ, ಸ್ಪೀಡು, ಕೂಲೆಂಟ್ ಬಿಸಿ ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ತಾನಾಗಿ ಬರುತ್ತವೆ. ಗಾಳಿ-ಪೆಟ್ರೋಲ್ ಅನುಪಾತ, ಅದೇ ಎಎಫ್ಆರ್, ಹಾಗಲ್ಲ. ಅದಕ್ಕೂ ಆ್ಯಪ್‌ನಲ್ಲಿ ರೆಡಿಮೇಡ್ ಡಯಲ್ ಇದೆ, ಹಾಕಿದರೆ ಚಂದವಾಗಿ 14.7 ಅಂತ ತೋರಿಸುತ್ತದೆ. ಆದರೆ ಆ 14.7 ಯಾರೂ ಅಳೆದದ್ದಲ್ಲ. ಆ್ಯಪ್ ತಾನೇ ಗುಣಿಸಿ ಇಟ್ಟದ್ದು.

ಎಂಜಿನ್ ಕಂಪ್ಯೂಟರ್ ನಮಗೆ ಕೊಡುವುದು ಲ್ಯಾಂಬ್ಡಾ ಮಾತ್ರ. ಪೆಟ್ರೋಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕೋ ಸರಿಯಾಗಿ ಅಷ್ಟೇ ಇದ್ದರೆ ಲ್ಯಾಂಬ್ಡಾ 1. ಗಾಳಿ ಜಾಸ್ತಿಯಾದರೆ 1ಕ್ಕಿಂತ ಮೇಲೆ, ಅಂದರೆ ಲೀನ್. ಪೆಟ್ರೋಲ್ ಜಾಸ್ತಿಯಾದರೆ ಕೆಳಗೆ, ರಿಚ್. ಇದನ್ನು ಎಎಫ್ಆರ್ ಮಾಡಲು ಒಂದು ಸಂಖ್ಯೆಯಿಂದ ಗುಣಿಸಬೇಕು, ಆ ಸಂಖ್ಯೆ ಇಂಧನದಿಂದ ಇಂಧನಕ್ಕೆ ಬೇರೆ. ಎಥೆನಾಲ್ ಬೆರೆಸದ ಪೆಟ್ರೋಲಿಗೆ 14.7, ಶುದ್ಧ ಎಥೆನಾಲಿಗೆ 9. ಶೇಕಡ 10 ಬೆರೆತರೆ ಸುಮಾರು 14.1, ಶೇಕಡ 20 ಬೆರೆತರೆ ಸುಮಾರು 13.5. ಈಗ ನಮ್ಮ ಉಡುಪಿ, ಮಂಗಳೂರಿನ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇಕಡ 20 ಎಥೆನಾಲ್ ಬೆರೆತದ್ದು. ಟ್ಯಾಂಕಿನಲ್ಲಿ ಇ20 ಇಟ್ಟುಕೊಂಡು ಗೇಜಿನಲ್ಲಿ 14.7 ನೋಡಿ ಖುಷಿಪಡುವುದರಲ್ಲಿ ಏನು ಅರ್ಥ? ನಿಜವಾದ ಅನುಪಾತ ಆಗ 13.5ರ ಹತ್ತಿರ ಇರುತ್ತದೆ, ಎಂಜಿನ್ ಮಾತ್ರ ಸರಿಯಾಗಿಯೇ ಓಡುತ್ತಿರುತ್ತದೆ.

ಹಾಗಾಗಿ ದೊಡ್ಡ ಡಯಲಿನಲ್ಲಿ ಲ್ಯಾಂಬ್ಡಾ ಹಾಕಿದೆ. ಅದರ ಕೆಳಗೆ ಚಿಕ್ಕದಾಗಿ ಎಎಫ್ಆರ್, 13.5ರಿಂದ ಗುಣಿಸಿದ್ದು. ನಿಜ ಹೇಳಬೇಕೆಂದರೆ ಆ ಎರಡನೆಯದು ಸುಮ್ನೆ ಚಂದಕ್ಕೆ.

ಇದಕ್ಕೆಲ್ಲ ಮೊದಲು ನಿಮ್ಮ ಕಾರು ಏನೇನು ಕೊಡುತ್ತದೆ ಅಂತ ಅದನ್ನೇ ಕೇಳಬೇಕು. ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರಿಂದ, ಆಮೇಲಿನ ಕಾರಾದರೆ ಪೋರ್ಟ್ ಇದ್ದೇ ಇರುತ್ತದೆ. ಒಂದೊಂದು ಮಾಹಿತಿಗೂ ಒಂದೊಂದು ಸಂಖ್ಯೆ ಉಂಟು, ಅದೇ ಪಿಐಡಿ. ಆದರೆ ಎಲ್ಲ ಕಾರೂ ಎಲ್ಲ ಪಿಐಡಿಗೂ ಉತ್ತರ ಕೊಡುವುದಿಲ್ಲ. ಬ್ಲೂಟೂತ್ ಟರ್ಮಿನಲ್ ಆ್ಯಪ್ ಒಂದರಿಂದ 0100, 0120, 0140 ಅಂತ ಕಳಿಸಿದೆ (ಮೊದಲ 01 ಅಂದರೆ ಈಗಿನ ಡೇಟಾ ಕೇಳುವ ಮೋಡ್, ಉಳಿದ ಎರಡಂಕಿ ಪಿಐಡಿ). ಪ್ರತಿಯೊಂದಕ್ಕೂ ನಾಲ್ಕು ಬೈಟ್ ಉತ್ತರ ಬರುತ್ತದೆ, ಒಂದೊಂದು ಬಿಟ್ ಒಂದೊಂದು ಪಿಐಡಿಗೆ. ನಮಗೆ ಬೇಕಾದವು 14, 24, 34, 44. ಮಜಾ ಏನೆಂದರೆ ನಾಲ್ಕೂ ತಮ್ಮ ತಮ್ಮ ಬೈಟಿನಲ್ಲಿ ಎಡದಿಂದ ನಾಲ್ಕನೇ ಬಿಟ್ಟೇ. 0100ರ ಉತ್ತರದ ಮೂರನೇ ಬೈಟಿನಲ್ಲಿ 14, 0120ರ ಮೊದಲ ಬೈಟಿನಲ್ಲಿ 24, ಮೂರನೆಯದರಲ್ಲಿ 34, 0140ರ ಮೊದಲ ಬೈಟಿನಲ್ಲಿ 44. ಬೈಟಿನ ಮೊದಲ ಹೆಕ್ಸ್ ಅಂಕಿ (16ರ ಲೆಕ್ಕದ್ದು, 9 ಆದ ಮೇಲೆ ಎಯಿಂದ ಎಫ್) 1, 3, 5, 7, ಹೀಗೆ ಬೆಸವಾಗಿದ್ದರೆ ಆ ಪಿಐಡಿ ಉಂಟು, ಸಮವಾಗಿದ್ದರೆ ಇಲ್ಲ. ಅಕ್ಷರ ಬಂದರೆ ಬಿ, ಡಿ, ಎಫ್ ಬೆಸ, ಎ, ಸಿ, ಇ ಸಮ.

ನನ್ನದು ಸಣ್ಣ ಪೆಟ್ರೋಲ್ ಕಾರು. 14 ಉಂಟು, 44 ಉಂಟು, 24 ಮತ್ತು 34 ಎರಡೂ ಇಲ್ಲ. ಭಾವನದ್ದು ಟರ್ಬೊ ಆಟೋಮ್ಯಾಟಿಕ್, ಅದರಲ್ಲಿ 34 ಕೂಡ ಉಂಟು. ಇಡೀ ವಿಷಯ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

34 ಇದೆ ಅಂದರೆ ಮುಂದಿನ ಆಕ್ಸಿಜನ್ ಸೆನ್ಸರ್ ವೈಡ್‌ಬ್ಯಾಂಡ್. ಹೊಗೆಯಲ್ಲಿರುವ ಲ್ಯಾಂಬ್ಡಾವನ್ನು ಅದು ನಿಜವಾಗಿ ಅಳೆಯುತ್ತದೆ. 24 ಇದ್ದರೂ ಅಷ್ಟೇ, 24 ಜೊತೆಗೆ ವೋಲ್ಟೇಜ್ ಕೊಡುತ್ತದೆ, 34 ಕರೆಂಟ್ ಕೊಡುತ್ತದೆ. ಬರೀ 14 ಇದ್ದರೆ ಅದು ನ್ಯಾರೋಬ್ಯಾಂಡ್. ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಹಾರುತ್ತಿರುತ್ತದೆ, 0.45ರ ಮೇಲೆ ರಿಚ್, ಕೆಳಗೆ ಲೀನ್. ಎಷ್ಟು ರಿಚ್ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ವಿಳಾಸ ಕೇಳಿದರೆ ಎಡಕ್ಕೋ ಬಲಕ್ಕೋ ಅಂತ ಮಾತ್ರ ಹೇಳಿ, ದೂರ ಎಷ್ಟು ಅಂತ ಹೇಳದೆ ಹೋಗುವವರ ಹಾಗೆ. ಆ ವೋಲ್ಟೇಜಿಗೆ ಏನೋ ಸೂತ್ರ ಹಾಕಿ ಎಎಫ್ಆರ್ ಮಾಡುವವರಿದ್ದಾರೆ, ನಾನಂತೂ ಅದನ್ನು ನಂಬುವುದಿಲ್ಲ. ಸೆನ್ಸರಿನ ತಂತಿ ಎಣಿಸಿ 4 ಇದ್ದರೆ ನ್ಯಾರೋಬ್ಯಾಂಡ್, 5 ಇದ್ದರೆ ವೈಡ್‌ಬ್ಯಾಂಡ್ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಡೆನ್ಸೊದ ಎ/ಎಫ್ ಸೆನ್ಸರಿಗೆ ನಾಲ್ಕೇ ತಂತಿ. ಪಿಐಡಿ ಕೇಳುವುದೇ ಒಳ್ಳೆಯದು.

44 ಮಾತ್ರ ಅಳತೆ ಅಲ್ಲವೇ ಅಲ್ಲ, ಆಜ್ಞೆ. "ನನಗೆ ಇಷ್ಟು ಲ್ಯಾಂಬ್ಡಾ ಬೇಕು" ಅಂತ ಕಂಪ್ಯೂಟರ್ ಹೇಳುತ್ತಿರುವುದು. ಬೇಕು ಅಂದದ್ದು ಸಿಕ್ಕಿತಾ ಇಲ್ಲವಾ ಅನ್ನುವುದು ಬೇರೆ ಪ್ರಶ್ನೆ. ಗೇಜಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರಿಡಿ, ನಾನು "ಬೇಕು" ಮತ್ತು "ಸಿಕ್ಕಿದ್ದು" ಅಂತಲೇ ಇಟ್ಟಿದ್ದೇನೆ.

ಟಾರ್ಕ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಹೆಚ್ಚುವರಿ ಪಿಐಡಿ ಸೇರಿಸುವ ಜಾಗ ಉಂಟು. ಮೋಡ್ ಮತ್ತು ಪಿಐಡಿ ಅಂತ ಇರುವಲ್ಲಿ 0144. ಸೂತ್ರದ ಜಾಗದಲ್ಲಿ (ಎ*256+ಬಿ)/32768. ಎ, ಬಿ ಅಂದರೆ ಉತ್ತರದ ಮೊದಲ ಎರಡು ಬೈಟ್, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಕಡಿಮೆ ಮಿತಿ 0.5, ಹೆಚ್ಚಿನದು 2. ಎಎಫ್ಆರ್ ಬೇಕಾದರೆ ಇನ್ನೊಂದು ಪಿಐಡಿ ಮಾಡಿ ಅದೇ ಸೂತ್ರದ ಕೊನೆಗೆ *13.5 ಸೇರಿಸಿದರಾಯಿತು. ಭಾವನ ಕಾರಿಗೆ 0134, ಅದೇ ಸೂತ್ರ. ಅದರ ಸಿ ಮತ್ತು ಡಿ ಬೈಟ್‌ಗಳು ಸೆನ್ಸರಿನ ಕರೆಂಟ್, ಅದು ನಮಗೆ ಬೇಡ.

ಸೂತ್ರ ಸರಿಯಿದೆಯಾ ಅಂತ ಕೈಲೆಕ್ಕ ಮಾಡಿ ನೋಡಬಹುದು. 41 44 80 00 ಅಂತ ಉತ್ತರ ಬಂದರೆ (41 44 ಅಂದರೆ 0144ಕ್ಕೆ ಉತ್ತರ ಅಂತ), ಹೆಕ್ಸ್‌ನ 80 ಅಂದರೆ 128, 128*256 ಅಂದರೆ 32768, ಲ್ಯಾಂಬ್ಡಾ ಸರಿಯಾಗಿ 1. ಕೊನೆಯ ಎರಡು ಬೈಟ್ 6ಸಿ ಸಿಡಿ ಆದರೆ 108*256+205, ಅಂದರೆ 27853, ಲ್ಯಾಂಬ್ಡಾ 0.85.

ಹೆಡರ್ ಅಂತ ಒಂದು ಜಾಗ ಇರುತ್ತದೆ, ಪ್ರಶ್ನೆ ಯಾವ ಕಂಪ್ಯೂಟರಿಗೆ ಅನ್ನುವ ವಿಳಾಸ, ನನ್ನ ಕಾರಿಗೆ ಅದನ್ನು ಮುಟ್ಟಲಿಲ್ಲ. ಭಾವನ ಕಾರಿನಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರೂ ಮಧ್ಯೆ ಬಾಯಿ ಹಾಕುತ್ತಿತ್ತು, ಅದಕ್ಕೆ 7ಇ0 ಅಂತ ಕೊಟ್ಟು ಎಂಜಿನ್ನಿಗೆ ಮಾತ್ರ ಪ್ರಶ್ನೆ ಹೋಗುವ ಹಾಗೆ ಮಾಡಿದೆ.

ನ್ಯಾರೋಬ್ಯಾಂಡ್ ಕಾರಿನಲ್ಲಿ "ಸಿಕ್ಕಿದ್ದು" ಇಲ್ಲವಲ್ಲ, ಅದಕ್ಕೆ ಬದಲು ಫ್ಯೂಯಲ್ ಟ್ರಿಮ್ ನೋಡುವುದು. ಪಿಐಡಿ 06 ಶಾರ್ಟ್ ಟರ್ಮ್, 07 ಲಾಂಗ್ ಟರ್ಮ್, ಎರಡೂ ರೆಡಿಮೇಡ್ ಸಿಗುತ್ತವೆ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡ ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಯಿತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ನನ್ನ ಕಾರು ಇ20 ಬರುವ ಮೊದಲಿನದು. ಅದರ ಲಾಂಗ್ ಟರ್ಮ್ ಈಗ ಪ್ಲಸ್ ಕಡೆಗೆ ಸ್ವಲ್ಪ ವಾಲಿ ನಿಂತಿದೆ. 14.1ರಿಂದ 13.5ಕ್ಕೆ ಇಳಿದರೆ ಪೆಟ್ರೋಲ್ ಸುಮಾರು ಶೇಕಡ 4 ಜಾಸ್ತಿ ಬೇಕು, ಲೆಕ್ಕ ಹೊಂದುತ್ತದೆ ಅಲ್ವಾ? ಲಾಂಗ್ ಟರ್ಮ್ 10 ದಾಟಿ ಅಲ್ಲೇ ನಿಂತರೆ ಎಥೆನಾಲ್ ಮೇಲೆ ತಪ್ಪು ಹಾಕದೆ ಗಾಳಿ ಲೀಕ್, ಇಂಜೆಕ್ಟರ್, ಪಂಪು ಇವನ್ನು ನೋಡಿಸಿ.

ಜೊತೆಗೆ ಪಿಐಡಿ 03, ಅಂದರೆ ಇಂಧನ ವ್ಯವಸ್ಥೆಯ ಸ್ಥಿತಿ, ಇರಲೇಬೇಕು. 2 ಅಂದರೆ ಕ್ಲೋಸ್ಡ್ ಲೂಪ್, ಸೆನ್ಸರಿನ ಮಾತು ಕೇಳಿಕೊಂಡು ಓಡುತ್ತಿದೆ. 1 ಅಂದರೆ ಎಂಜಿನ್ ಇನ್ನೂ ಬಿಸಿಯಾಗಿಲ್ಲ. 4 ಅಂದರೆ ಲೋಡ್ ಜಾಸ್ತಿ ಅಥವಾ ಇಳಿಜಾರಿನಲ್ಲಿ ಪೆಟ್ರೋಲ್ ಕಟ್. 4 ಇರುವಾಗ ಸೆನ್ಸರನ್ನು ಕಂಪ್ಯೂಟರ್ ಕೇಳುತ್ತಲೇ ಇಲ್ಲ, ಆಗಿನ ಟ್ರಿಮ್ ನೋಡಿ ತೀರ್ಮಾನ ಮಾಡಬಾರದು.

ಟೆಸ್ಟಿಗೆ ನಮ್ಮ ಊರು ಭಾರೀ ಅನುಕೂಲ. ಪಡುಬಿದ್ರಿ-ಮೂಲ್ಕಿ ನಡುವೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋದರೆ "ಬೇಕು" 1ರಲ್ಲಿ ಅಂಟಿಕೊಂಡಿರುತ್ತದೆ, ಭಾವನ ಕಾರಿನ "ಸಿಕ್ಕಿದ್ದು" 0.98ರಿಂದ 1.02ರ ಒಳಗೆ ಆಡುತ್ತಿರುತ್ತದೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವಾಗ ಎಸಿ ಹಾಕಿ, ನಾಲ್ಕು ಜನ ಕೂತು, ಆಕ್ಸಲರೇಟರ್ ಪೂರ್ತಿ ಒತ್ತಿದರೆ 03 ಹಾರಿ 4 ಆಗುತ್ತದೆ, "ಬೇಕು" 0.9ರ ಕೆಳಗೆ ಬೀಳುತ್ತದೆ. ಎಂಜಿನ್ ತಂಪಾಗಿರಲಿ, ನಾಕಿಂಗ್ ಬಾರದಿರಲಿ ಅಂತ ಬೇಕೆಂದೇ ರಿಚ್ ಮಾಡುವುದು. ಓಡಿಸುವವರು ಫೋನ್ ನೋಡಬೇಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ ಅಥವಾ ಲಾಗ್ ಹಾಕಿ ಮನೆಗೆ ಬಂದು ನೋಡಿ.

ಆಗುಂಬೆ ಘಾಟಿ ಇಳಿಯುವಾಗ ಪಕ್ಕದಲ್ಲಿ ಕೂತಿದ್ದವರು ನಮ್ಮ ಮೆಕ್ಯಾನಿಕ್. "ಎಂತ ಮಾರಾಯ್ರೆ, ಇಪ್ಪತ್ತೇಳು ತೋರಿಸ್ತಾ ಉಂಟು, ಗಾಡಿ ಪೂರಾ ಲೀನ್ ಅಲ್ವಾ?" ಅಂದರು. ಲೀನ್ ಅಲ್ಲ. ಗೇರಿನಲ್ಲಿಟ್ಟು ಆಕ್ಸಲರೇಟರ್ ಬಿಟ್ಟರೆ ಪೆಟ್ರೋಲೇ ನಿಂತುಹೋಗುತ್ತದೆ, ಆಗ ಲ್ಯಾಂಬ್ಡಾ ತೋರಿಸಬಹುದಾದ ಕೊನೆಯ ಅಂಕೆ 2ಕ್ಕೆ ಹೋಗಿ ಕೂರುತ್ತದೆ. ಎರಡು ಬೈಟಿಗೆ ಅದಕ್ಕಿಂತ ಮೇಲೆ ಹೋಗಲು ಜಾಗವೇ ಇಲ್ಲ. 2ನ್ನು 13.5ರಿಂದ ಗುಣಿಸಿದರೆ 27. ರೆಡಿಮೇಡ್ ಡಯಲ್ ಆಗಿದ್ದರೆ 29.4 ತೋರಿಸುತ್ತಿತ್ತು. ಎಲ್ಲ ಕಾರೂ ಹೀಗೆ ತೋರಿಸುವುದಿಲ್ಲ, ಕೆಲವು 1ರಲ್ಲೇ ಇರುತ್ತವೆ.

ಅಡಾಪ್ಟರ್ ಬಗ್ಗೆ ಒಂದು ಮಾತು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವವು ಹೆಚ್ಚಿನವು ನಕಲಿ ಚಿಪ್. "ವರ್ಷನ್ 1.5" ಅಂತ ಬರೆದುಕೊಂಡದ್ದು ಸಿಕ್ಕರೆ, ಅಸಲಿ ಇಎಲ್ಎಂ ಕಂಪನಿ ಆ ವರ್ಷನ್ ಬಿಟ್ಟೇ ಇರಲಿಲ್ಲ. ನಕಲಿಯಾದರೂ ಮೋಡ್ 01ರ ಈ ಕೆಲಸಕ್ಕೆ ಸಾಕಾಗಬಹುದು, ಆದರೆ ನಿಧಾನ. ಒಂದೇ ಪುಟದಲ್ಲಿ ಹತ್ತಾರು ಡಯಲ್ ಇಟ್ಟರೆ ಪ್ರತಿಯೊಂದಕ್ಕೂ ಸರದಿ ಬರುವಷ್ಟರಲ್ಲಿ ಏರು ಮುಗಿದಿರುತ್ತದೆ. ಆರ್‌ಪಿಎಂ, 03, ಲ್ಯಾಂಬ್ಡಾ, ಎರಡು ಟ್ರಿಮ್, ಇಷ್ಟೇ ಇಟ್ಟುಕೊಂಡಿದ್ದೇನೆ. ಎಎಫ್ಆರ್ ಮತ್ತೆ 44ನ್ನೇ ಕೇಳುವುದರಿಂದ ಲಾಗ್ ಮಾಡುವಾಗ ಅದನ್ನು ತೆಗೆದುಬಿಡುತ್ತೇನೆ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಅಡಾಪ್ಟರ್ ಕಿತ್ತಿಡಿ, ಆ ಪೋರ್ಟಿನಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇರುತ್ತದೆ, ಬ್ಯಾಟರಿ ಇಳಿಯುತ್ತದೆ.

ಇನ್ನೊಂದು ಫೋನಿಗೆ ಇದೆಲ್ಲ ಮತ್ತೆ ಟೈಪ್ ಮಾಡಬೇಕಾಗಿಲ್ಲ. ಟಾರ್ಕ್ ಈ ಪಿಐಡಿಗಳನ್ನು ಸಿಎಸ್‌ವಿ ಫೈಲಾಗಿ ಓದಿಕೊಳ್ಳುತ್ತದೆ. ಹೆಸರು, ಚಿಕ್ಕ ಹೆಸರು, ಮೋಡ್ ಮತ್ತು ಪಿಐಡಿ, ಸೂತ್ರ, ಕಡಿಮೆ ಮಿತಿ, ಹೆಚ್ಚಿನ ಮಿತಿ, ಯೂನಿಟ್, ಹೆಡರ್, ಈ ಕ್ರಮದಲ್ಲಿ ಒಂದೊಂದು ಸಾಲು. ಭಾವನ ಫೋನಿಗೆ ಕಳಿಸುವಾಗ ಅದೇ ಫೈಲಿನಲ್ಲಿ 0134ರ ಸಾಲು ಸೇರಿಸಿ, ಹೆಡರ್ ಕಾಲಮ್‌ನಲ್ಲಿ 7ಇ0 ಬರೆದು ವಾಟ್ಸಾಪ್ ಮಾಡಿದೆ.